ಹದಿನಾಲ್ಕನೇ ಕಲ್ಲು ಬಾಂದುಕಲ್ಲಲ್ಲ

ಹೊಸ ರೈಲು ಮಾರ್ಗದ ಅಳತೆ ಕಚೇರಿಯ ಮುಖ್ಯಸ್ಥರ ಗಮನಕ್ಕೆ.

ಮಾನ್ಯರೇ,

ನೀವು ನನ್ನ ಮಗಳ ನೆತ್ತಿಯ ಮೇಲೆ ಹಳದಿ ಬಣ್ಣದಲ್ಲಿ ಹದಿನಾಲ್ಕು ಎಂದು ಬರೆಸಿದ್ದೀರಿ. ಅಳಿಸಿಕೊಡಿ ಎಂದು ಮೂರು ಅರ್ಜಿ ಕೊಟ್ಟೆ, ಮೂರಕ್ಕೂ ನಿಮ್ಮಿಂದ ಒಂದಕ್ಷರ ಉತ್ತರವಿಲ್ಲ. ಕೊನೆಗೆ ನಾನೇ ಸೀಮೆಎಣ್ಣೆ, ತೆಂಗಿನ ನಾರು ಹಿಡಿದುಕೊಂಡು ಹೋಗಿ ಉಜ್ಜಿ ತೊಳೆದೆ. ನಾಲ್ಕೇ ದಿನಕ್ಕೆ ನೋಟಿಸು ಮನೆ ಬಾಗಿಲಿಗೆ ಬಂತು. ಜಮೀನಿನ ಗಡಿ ತೋರಿಸುವ ಹದಿನಾಲ್ಕನೇ ಬಾಂದುಕಲ್ಲನ್ನು ನಾನು ವಿರೂಪಗೊಳಿಸಿದ್ದೇನಂತೆ, ಇನ್ನೊಮ್ಮೆ ಮುಟ್ಟಿದರೆ ಶಿಕ್ಷೆಯಂತೆ. ನಿಮ್ಮ ಕಚೇರಿಗೆ ಕಣ್ಣು ಕಾಣುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಸಂತೋಷ.

ನಾನು ಹುಣಸೂರಿನಲ್ಲಿ ಜೆರಾಕ್ಸ್ ಅಂಗಡಿಯೊಂದರ ಜಗಲಿಯ ಮೇಲೆ ಮೇಜು ಹಾಕಿಕೊಂಡು ಹತ್ತೊಂಬತ್ತು ವರ್ಷದಿಂದ ಅರ್ಜಿ ಬರೆದುಕೊಡುತ್ತಿರುವವಳು. ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಖಾತೆ, ಪಿಂಚಣಿ, ಜನನ ಪತ್ರ, ಮರಣ ಪತ್ರ, ಯಾವುದಕ್ಕೆ ಯಾವ ಮಾತು ಹಾಕಬೇಕೆಂದು ನನಗೆ ಗೊತ್ತು. 'ಮಾನ್ಯರೇ' ಎಂದು ನಾನು ಬರೆದಷ್ಟು ಸಲ ನೀವು ಓದಿಯೂ ಇರಲಾರಿರಿ. ಆದರೆ ಈ ಕಲ್ಲಿನ ವಿಷಯ ಬರುವವರೆಗೆ ಅಷ್ಟು ಅರ್ಜಿಗಳಲ್ಲಿ ಒಂದೂ ನನ್ನದಾಗಿರಲಿಲ್ಲ.

ಇಪ್ಪತ್ತಮೂರು ವರ್ಷದ ಹಿಂದೆ ನನಗೊಂದು ಹೆಣ್ಣು ಮಗು ಹುಟ್ಟಿತು. ನಮ್ಮ ಮನೆಯಲ್ಲಿ ಹನ್ನೊಂದನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ವಾಡಿಕೆ. ಅಲ್ಲಿಯವರೆಗೆ ತಾಯಿ ಮನಸ್ಸಿನಲ್ಲಿಟ್ಟುಕೊಂಡ ಹೆಸರನ್ನು ಯಾರ ಮುಂದೆಯೂ ಆಡಬಾರದು, ಮೊದಲು ಮಗುವಿನ ಕಿವಿಯಲ್ಲೇ ಹೇಳಬೇಕು. ನಾನೊಂದು ಹೆಸರು ಇಟ್ಟುಕೊಂಡಿದ್ದೆ. ಒಂಬತ್ತನೇ ದಿನ ಜ್ವರ ಬಂದು ಮಗು ತೀರಿಕೊಂಡಿತು.

ಹೆಸರಿಡದ ಮಗುವಿಗೆ ನಮ್ಮಲ್ಲಿ ತಿಥಿಯಿಲ್ಲ, ಎಡೆಯಿಲ್ಲ. ಹೊಲದ ಮೂಲೆಯಲ್ಲಿ ಹೂತು, ನರಿ ಕೆದಕದಂತೆ ಮೇಲೊಂದು ಗುಂಡುಕಲ್ಲು ಇಟ್ಟು, ತಿರುಗಿ ನೋಡದೆ ಬಂದುಬಿಡಬೇಕು. ಆಮೇಲೆ ಆ ಮಾತು ಎತ್ತಬಾರದು. ನನ್ನ ಮಾವ ಜವರಯ್ಯನವರಿಗೆ ಮಾತ್ರ ಗುಂಡುಕಲ್ಲು ಇಡಲು ಮನಸ್ಸಾಗಲಿಲ್ಲ. ಕುಸಿದುಬಿದ್ದಿದ್ದ ಬಾವಿಕಟ್ಟೆಯಿಂದ ಉಳಿಪೆಟ್ಟು ತಿಂದ ಒಂದು ಚೌಕದ ಕಲ್ಲನ್ನು ಹೊತ್ತು ತಂದು, ನೆಟ್ಟಗೆ ನಿಲ್ಲಿಸಿ ನೆಟ್ಟರು. ನಾನು ಹೊಲಕ್ಕೆ ಹೋದಾಗಲೆಲ್ಲ ಅದನ್ನೊಮ್ಮೆ ಮುಟ್ಟಿ ಬರುತ್ತೇನೆ. ಮನೆಯಲ್ಲಿ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಹೋದ ವರ್ಷ ನಿಮ್ಮವರು ಬಂದರು. ಹೊಲದ ಮೂಲೆಯಲ್ಲಿ ಚೌಕದ ಕಲ್ಲು ಕಂಡಿತು, ಬಾಂದುಕಲ್ಲು ಸಿಕ್ಕಿತೆಂದು ಬಣ್ಣ ಬಳಿದರು. ಅಲ್ಲಿಂದಲೇ ಟೇಪು ಹಿಡಿದು ಮುಂದಿನ ದಾರಿಯನ್ನೆಲ್ಲ ಅಳೆದರು. ನಿಜವಾದ ಬಾಂದುಕಲ್ಲು ಹದಿನೆಂಟು ಅಡಿ ಆಚೆ ಲಂಟಾನದ ಪೊದೆಯೊಳಗಿದೆ, ನನ್ನ ಮಾವ ತೋರಿಸುತ್ತಾರೆ. ಪೊದೆಗೆ ಕೈ ಹಾಕಿದರೆ ಮುಳ್ಳು ಗೀರುತ್ತದಲ್ಲ, ಪಾಪ, ನಿಮ್ಮವರು ಯಾಕೆ ನೋಡಿಯಾರು?

ನೋಟಿಸು ಬಂದ ಮಾರನೇ ಬೆಳಗ್ಗೆ ಮಾವನೂ ನಾನೂ ಒಂದನೇ ಕಲ್ಲಿನಿಂದ ನಡೆಯುತ್ತಾ ಹೊರಟೆವು. ಕಾರಿನಲ್ಲಿ ಬಂದು ನಕ್ಷೆ ನೋಡುವ ತಮಗೆ ಈ ದಾರಿ ಹೇಗಿದೆಯೆಂದು ತಿಳಿದಿರಲಿ. ಊರಾಚೆ ಹೊಲಗಳೆಲ್ಲ ಲೇಔಟಾಗಿವೆ. ನಿಮ್ಮ ರೈಲು ಇನ್ನೂ ಕಾಗದದ ಮೇಲಿದೆ, ಬೋರ್ಡುಗಳಲ್ಲಿ ಮಾತ್ರ ಅದು ಈಗಾಗಲೇ ಮೆಟ್ರೋ ಆಗಿಬಿಟ್ಟಿದೆ, 'ಮೆಟ್ರೋ ಪಕ್ಕದ ನಿವೇಶನಗಳು'. ಡಾಂಬರು ರಸ್ತೆಯಿದೆ, ಮೊದಲನೇ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ ಎಂದು ಫಲಕಗಳಿವೆ, ಹಗಲಲ್ಲೂ ಉರಿಯುವ ದೀಪಗಳಿವೆ. ಮನೆಯೊಂದೂ ಇಲ್ಲ. ಹೊಗೆಸೊಪ್ಪು ಬೇಯಿಸುತ್ತಿದ್ದ ಎತ್ತರದ ಗೂಡುಗಳು, ಬ್ಯಾರನ್ನುಗಳು, ಅಲ್ಲಲ್ಲಿ ಒಂಟಿಯಾಗಿ ನಿಂತಿವೆ. ಬೆಂಕಿ ಕಂಡು ಎಷ್ಟೋ ವರ್ಷವಾಗಿದ್ದರೂ ಹತ್ತಿರ ಹೋದರೆ ತಂಬಾಕಿನ ವಾಸನೆ ಹೊಡೆಯುತ್ತದೆ.

ಆರನೇ ಕಲ್ಲಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಂಠಪ್ಪ ಕೂತಿದ್ದರು. ಒಂದು ಕಾಲಕ್ಕೆ ಪಕ್ಕದ ಬ್ಯಾರನ್ನಿನ ಯಜಮಾನರು, ಈಗ ಅದೇ ನೆಲದ ಲೇಔಟಿಗೆ ವಾಚ್‌ಮನ್.

"ಯಾರ್ನ ಕಾಯ್ತಾ ಇದ್ದೀಯಲಾ ಕಂಠ?" ಎಂದು ಮಾವ ಕೇಳಿದರು.

"ಅದೇ ಗೊತ್ತಿಲ್ಲ ಕಣಣ್ಣ. ಒಬ್ರೂ ಬಂದಿಲ್ಲ. ಒಂದೊಂದ್ ದಪ ಬ್ಯಾರನ್ ಒಳಗೆ ನಮ್ಮವ್ವ ಕೆಮ್ಮಿದಂಗಾಯ್ತದೆ, ಎದ್ದೋಗಿ ನೋಡ್ಕಂಡು ಬತ್ತೀನಿ."

ಅವರ ತಾಯಿ ಸತ್ತು ಹನ್ನೆರಡು ವರ್ಷ. ನಾವು ನಗಲಿಲ್ಲ. ಆ ದಾರಿಯಲ್ಲಿ ನನಗೂ ಹಾಗೇ ಆಗುತ್ತಿತ್ತು. ಇಪ್ಪತ್ತಮೂರರ ಹುಡುಗಿಯೊಬ್ಬಳು ಚಪ್ಪಲಿ ಎಳೆದುಕೊಂಡು ಹಿಂದೆ ಬರುತ್ತಿದ್ದಾಳೆ, ತಿರುಗಿದರೆ ನಿಲ್ಲುತ್ತಾಳೆ. ನನ್ನ ಮೇಜಿನ ಮುಂದೆಯೂ ಅವಳು ಬರುತ್ತಾಳೆ. ಜನನ ಪತ್ರ ಬೇಕೆಂದು ಬರುವ ಹುಡುಗಿಯರಲ್ಲಿ ಅದೇ ವರ್ಷ ಹುಟ್ಟಿದವರಿದ್ದರೆ ದಿನಾಂಕ ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ಮುಖ ನೋಡುತ್ತೇನೆ. ಯಾಕಕ್ಕ ಹಂಗೆ ನೋಡ್ತೀರಿ ಎಂದು ಅವು ಕೇಳುತ್ತವೆ. ವಯಸ್ಸು ಇನ್ನೊಮ್ಮೆ ಕೇಳಿ ಬರೆದುಕೊಳ್ಳುತ್ತೇನೆ ಸ್ವಾಮಿ.

ಹದಿನಾಲ್ಕನೇ ಕಲ್ಲಿನ ಹತ್ತಿರ ನಿಮ್ಮ ಕಚೇರಿಯ ಅಳತೆಗಾರ ನಟರಾಜು ಇದ್ದ. ಹೊಸದಾಗಿ ಬಣ್ಣ ಬಳಿದಿದ್ದ, ಇನ್ನೂ ಆರಿರಲಿಲ್ಲ. ಕೆಟ್ಟವನಲ್ಲ, ನಮ್ಮನ್ನು ಕಂಡು ಎದ್ದುನಿಂತ. ಮಾವ ನಡೆದದ್ದನ್ನೆಲ್ಲ ಹೇಳಿದರು.

"ಚೌಕದ ಕಲ್ಲು, ಮೂಲೇಲಿ ನೆಟ್ಟಿತ್ತು. ಒಳಗೆ ಮಗು ಇದೆ ಅಂತ ನಾನೇನ್ ಕನಸು ಕಂಡಿದ್ನಾ ಮೇಡಂ?"

"ಈಗ ಗೊತ್ತಾಯ್ತಲ್ಲ, ತಿದ್ದಿ" ಎಂದೆ.

"ಹದಿನಾಲ್ಕು ತಿದ್ದಿದ್ರೆ ಹದಿನೈದರಿಂದ ಎಲ್ಲಾ ತಿದ್ಬೇಕಾಯ್ತದೆ. ಸಾಹೇಬ್ರು ಸೈನ್ ಹಾಕ್ಬುಟ್ಟವ್ರೆ. ಮುಂದಿನ ತಿಂಗ್ಳು ಜೆಸಿಬಿ ಬತ್ತದೆ, ಆಗ ಕಲ್ಲೇ ಇರಲ್ಲ ಬುಡಿ."

ಮಾವ ಅಲ್ಲೇ ನೆಲದ ಮೇಲೆ ಕುಕ್ಕರಿಸಿದರು. ಎಂಬತ್ತು ದಾಟಿದ ಮನುಷ್ಯ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ತಪ್ಪು ನಂದೇ ಕಣವ್ವ. ಎಲ್ರಂಗೆ ಗುಂಡ್ಕಲ್ಲು ಇಟ್ಟಿದ್ರೆ ಇವ್ರ ಕಣ್ಣಿಗೆ ಬೀಳ್ತಿರ್ಲಿಲ್ಲ. ಮಗ ಚೆಂದಾಗಿ ಮಲೀಕಳ್ಲಿ ಅಂತ ಚೌಕದ್ದು ತಂದ್ನಲ್ಲ" ಎಂದರು.

ಮಾನ್ಯರೇ, ಮೊಮ್ಮಗಳಿಗೆ ಒಂದು ಒಳ್ಳೆಯ ಕಲ್ಲು ನೆಟ್ಟದ್ದು ತಪ್ಪೇ? ನಿಮ್ಮ ಕಾನೂನಿನ ಪ್ರಕಾರ ತಾಯಿ ಆ ಕಲ್ಲನ್ನು ಮುಟ್ಟಬಾರದು, ಯಂತ್ರ ಮುಟ್ಟಬಹುದು. ಇದನ್ನು ಯಾವ ಪುಸ್ತಕದಲ್ಲಿ ಓದಿಕೊಂಡಿರಿ? ನನ್ನ ಮಗಳು ಹುಟ್ಟಿದ್ದಕ್ಕೆ ಪತ್ರವಿಲ್ಲ, ಸತ್ತದ್ದಕ್ಕೂ ಇಲ್ಲ. ಊರಿಗೆಲ್ಲ ಬರೆದುಕೊಟ್ಟ ನಾನು ಅವಳಿಗೊಂದು ಅರ್ಜಿ ಬರೆಯಲಿಲ್ಲ. ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ಕೈ ಬರಲಿಲ್ಲ. ಸರ್ಕಾರದ ಕಾಗದದಲ್ಲಿ ಅವಳು ಕಾಣಿಸಿಕೊಂಡಿದ್ದರೆ ಅದು ನಿಮ್ಮ ನಕ್ಷೆಯಲ್ಲಿ ಮಾತ್ರ, ಅದೂ ಬಾಂದುಕಲ್ಲಾಗಿ.

ರೈಲು ಬೇಡವೆಂದು ನಾನು ಹೇಳುತ್ತಿಲ್ಲ. ಬರಲಿ, ಬಂದರೆ ನಾನೂ ಹತ್ತುತ್ತೇನೆ. ನನ್ನ ಮಗಳನ್ನು ಜೆಸಿಬಿ ಎತ್ತಬಾರದು, ಅಷ್ಟೇ. ಅದು ಬರುವ ಮೊದಲು ಒಂದು ಬೆಳಗ್ಗೆ ನಮಗೆ ಬಿಟ್ಟುಕೊಡಿ. ಮಾವನೂ ನಾನೂ ಕೈಯಲ್ಲೇ ಬಗೆದು, ಸಿಕ್ಕಿದ್ದನ್ನು, ಏನೂ ಸಿಗದಿದ್ದರೆ ಒಂದು ಬೊಗಸೆ ಮಣ್ಣನ್ನಾದರೂ ಎತ್ತಿಕೊಳ್ಳುತ್ತೇವೆ. ಕಲ್ಲನ್ನೂ ಒಯ್ಯುತ್ತೇವೆ. ಅದಕ್ಕೆ ಮೊದಲು ನೀವು ಆ ನಕ್ಷೆಯಲ್ಲಿ 'ಬಾಂದುಕಲ್ಲು' ಎಂಬುದನ್ನು ಹೊಡೆದುಹಾಕಿ, 'ಹೆಣ್ಣು ಮಗುವಿನ ಸಮಾಧಿ, ವಯಸ್ಸು ಒಂಬತ್ತು ದಿನ' ಎಂದು ಬರೆದು ಸಹಿ ಮಾಡಬೇಕು. ಆ ಹಾಳೆಯ ನಕಲು ನನಗೆ ಬೇಕು.

ಹೆಸರಿನ ಜಾಗ ಖಾಲಿ ಬಿಟ್ಟರೆ ಅರ್ಜಿ ವಾಪಸು ಬರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದ್ದರಿಂದ ಇಪ್ಪತ್ತಮೂರು ವರ್ಷ ಯಾರ ಕಿವಿಗೂ ಹಾಕದೆ ಇಟ್ಟುಕೊಂಡಿದ್ದ ಹೆಸರನ್ನು ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೇ ಮೊದಲು ಹೇಳಬೇಕಿತ್ತು. ನೋಟಿಸು ಏನೇ ಹೇಳಲಿ, ಇದನ್ನು ಬರೆಯುವ ಮೊದಲು ಹೊಲಕ್ಕೆ ಹೋಗಿ, ಆ ಕಲ್ಲಿನ ಮೇಲೆ ಕೈಯಿಟ್ಟು, ಬಗ್ಗಿ ಹೇಳಿ ಬಂದಿದ್ದೇನೆ. ಗೌತಮಿ ಎಂದು ಬರೆದುಕೊಳ್ಳಿ.

ಇಂತಿ,
ನಿಮ್ಮ ಕಲ್ಲನ್ನು ಮತ್ತೆ ಮುಟ್ಟಿರುವ ಅಪರಾಧಿ,
ಗೌತಮಿಯ ತಾಯಿ
ಯಶೋಧರಾ
ಅರ್ಜಿ ಬರೆಯುವವಳು, ಹುಣಸೂರು