ಚಿಕ್ಕಪ್ಪನಿಗೆ ಚಳಿಯಾಯಿತು

ಅಪ್ಪಾ,

ಜಪರ್ ಚಿಕ್ಕಪ್ಪನ ಕಾಲುಗಳೂ ನಿನ್ನ ಕಾಲುಗಳಂತೆಯೇ ಜೋಮು ಹಿಡಿದಿದ್ದವು. ರಕ್ತ ಕಡಿಮೆಯಾಗಿದೆ ಎಂದು ಅಮ್ಮ ನಿನಗೆ ಮಾಡಿದಂತೆ ಅವನಿಗೂ ಕುರಿಯ ಲಿವರನ್ನು ಬಾಲದ ಕೊಬ್ಬಿನ ಜೊತೆ ಬಡಿಸಿದಳು. ಗುಣವಾಗಲಿಲ್ಲ. ಕೊನೆಗೆ ನಾನೇ ಅವನನ್ನು ನರಿನ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

"ನಿಮ್ಮ ರಕ್ತದಲ್ಲಿ ಬಿ-ಹನ್ನೆರಡು ವಿಟಮಿನ್ ಇಲ್ಲವೇ ಇಲ್ಲ," ಎಂದರು ಡಾಕ್ಟರಮ್ಮ.

"ಲಿವರ್ ತಿಂದೂ ತಿಂದೂ ಸಾಕಾಗಿದೆ, ತಾಯಿ!"

"ತಿಂದ್ರೆ ಸಾಲದಣ್ಣ. ಕರುಳಿನ ಜೀವಕೋಶಗಳು ಅದನ್ನ ಸುಮ್ನೆ ಒಳಗೆ ಬಿಟ್ಕೊಳ್ಳಲ್ಲ. ಹೊಟ್ಟೇಲಿ ಹುಟ್ಟೋ ಒಂದು ಪ್ರೋಟೀನ್ ಅದನ್ನ ಕರ್ಕೊಂಡು ಹೋಗ್ಬೇಕು. ನಿಮ್ಮ ಹೊಟ್ಟೇಲಿ ಅದು ಹುಟ್ತಿಲ್ಲ. ಇಂಜೆಕ್ಷನ್ ಕೊಟ್ರೆ ಕರುಳಿನ ಗೊಡವೆಯೇ ಇಲ್ಲ."

"ಹಾಗಾದ್ರೆ ಅಷ್ಟೂ ಕುರಿ ಸತ್ತಿದ್ದು ದಂಡಾನಾ?" ಎಂದ ಚಿಕ್ಕಪ್ಪ.

ಡಾಕ್ಟರಮ್ಮ ನಕ್ಕರು. "ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?" ಎಂದು ಕೇಳಿದರು. ಚಿಕ್ಕಪ್ಪ ನನ್ನ ಮುಖ ನೋಡಿದ. ಆಗಿತ್ತು ಎಂದೆ. ಅವರು ಹೇಳಿದ್ದು ಶಾಲೆ ಬಿಟ್ಟ ನನಗೂ ಅರ್ಥವಾಗುವಷ್ಟು ಸರಳವಾಗಿತ್ತು.

ವಾರಗಟ್ಟಲೆ ಇಂಜೆಕ್ಷನ್ ಆದ ಮೇಲೆ, ಇವತ್ತು ಬೆಳಿಗ್ಗೆ ಚಿಕ್ಕಪ್ಪ ಬರಿಗಾಲಲ್ಲಿ ಅಂಗಳದ ಹಿಮಕ್ಕೆ ಇಳಿದವನೇ ಕುಣಿಯತೊಡಗಿದ. "ಅಯ್ಯಯ್ಯೋ, ಸತ್ತೆ! ನಿಂತ್ಕೊಂಡು ಹಲ್ಲು ಕಿರೀಬೇಡ್ವೋ ಕತ್ತೆ, ಬೂಟು ತಗೊಂಡ್ಬಾ!"

ಎಲ್ಲರೂ ನಕ್ಕೆವು. ಅಮ್ಮ ಮಾತ್ರ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ನಿನ್ನ ಕೊನೆಯ ಚಳಿಗಾಲದಲ್ಲಿ ನೀನು ಅದೇ ಹಿಮದ ಮೇಲೆ ಬರಿಗಾಲಲ್ಲಿ ನಿಂತು, "ನನಗೆ ಚಳಿಯೇ ಗೊತ್ತಾಗಲ್ಲ ಕಣೋ" ಎಂದಿದ್ದೆ. ನಾನು ಅದನ್ನು ಊರಿಗೆಲ್ಲ ಜಂಬದಿಂದ ಹೇಳಿಕೊಂಡು ಬಂದಿದ್ದೆ.