ಭೇಟಿ ಭಾನುವಾರವಂತೆ

ಆಗಸ್ಟ್ ೧೨, ಮಂಗಳವಾರ

ಇನ್ನೂ ಮೈ ಉರಿಯುತ್ತಿದೆ. ಹಾಸ್ಟೆಲಿಗೆ ಆಪ್ತಸಮಾಲೋಚಕಿ ಎಂದು ನನ್ನನ್ನು ಇಟ್ಟುಕೊಂಡಿದ್ದಾರೆ, ನನ್ನ ಮಾತು ಮಾತ್ರ ಯಾರಿಗೂ ಬೇಡ. ಒಂಬತ್ತನೇ ತರಗತಿಯ ಬುಡಕಟ್ಟಿನ ಹುಡುಗಿ ಬೆಳಿಗ್ಗೆ, "ಬದುಕೋದೇ ಬೇಡ ಅನ್ಸುತ್ತೆ ಅಕ್ಕಾ" ಎಂದಳು. ಮನೆಮಾತು ಆಡಿದಳೆಂದು ವಾರ್ಡನಮ್ಮ ಎಲ್ಲರೆದುರು ಅಣಕಿಸಿದ್ದರಂತೆ.

ಅವಳ ಅಜ್ಜಿಯನ್ನು ಕರೆಸೋಣವೆಂದರೆ ವಾರ್ಡನಮ್ಮ, "ಈ ವಯಸ್ಸಲ್ಲಿ ಎಲ್ಲಾ ನಾಟಕ ಕಣ್ರೀ. ಭೇಟಿ ಏನಿದ್ರೂ ಭಾನುವಾರ" ಎಂದರು. ಸಾವೂ ಭಾನುವಾರದವರೆಗೆ ಕಾಯುತ್ತದೆಯೇ?

ಹುಡುಗಿಯನ್ನು ವೈದ್ಯೆಗೆ ತೋರಿಸಿದೆ. ಅಜ್ಜಿಗೆ ಫೋನ್ ಮಾಡಿ, ನಾನೇ ನಿಂತು ಗೇಟು ತೆಗೆಸಿದೆ. ಅಜ್ಜಿ ತಲೆ ಸವರುತ್ತ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಹುಡುಗಿ ಬಿಕ್ಕಿಬಿಕ್ಕಿ ಅತ್ತಳು, ಆಮೇಲೆ ಸಂಜೆಯವರೆಗೂ ಮಾತಾಡಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ.

ನನ್ನ ಮೇಲೆ ದೂರು ಹೋಗಿದೆಯಂತೆ. ಹೋಗಲಿ. ಅಜ್ಜಿ, ಮೊಮ್ಮಗಳು ಒಳಗೆ ಮಲಗಿದ್ದಾರೆ. ನಾನು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೇನೆ. ಯಾರಾದರೂ ಬಂದು ಎಬ್ಬಿಸಲಿ, ನೋಡೋಣ.