ಹಾಳೆಯಲ್ಲಿ ನಾವು ಕಾದೇ ಇಲ್ಲ

ಮುನಿರಾಜಣ್ಣ,

ಹೋದ ವಾರ ನಿಮ್ಮ ತಿಥಿ ಊಟಕ್ಕೆ ಬಂದಿದ್ದೆ. ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಬರೀ ದುಃಖಕ್ಕಲ್ಲ, ಸಿಟ್ಟಿಗೆ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೇ.

ನಾನು ನರ್ಸಾಗಿ ನಿಮ್ಮ ಆಂಬುಲೆನ್ಸ್ ಹತ್ತಿದ ಮೊದಲ ದಿನ ನೆನಪಿದೆಯಾ? ಬಂಗಾರಪೇಟೆಯಿಂದ ಒಬ್ಬ ಬಸುರಿಯನ್ನು ಇಲ್ಲಿನ ಆಸ್ಪತ್ರೆಗೆ ಕರೆತಂದಿದ್ದೆವು. ನೀವು ಸ್ಟೀರಿಂಗ್ ಬಿಡುವ ಮೊದಲೇ, "ಭಾಗ್ಯಮ್ಮಾ, ಗಾಡಿ ನಿಂತ ಟೈಮು ಬರ್ಕೊ. ಪೇಷಂಟ್‌ನ ಅವ್ರು ಒಳಕ್ಕೆ ತಕ್ಕೊಂಡ ಟೈಮು ಆಮೇಲೆ. ಮಧ್ಯ ನಾವು ಕಾದಿದ್ದಕ್ಕೆ ಅದೇ ಸಾಕ್ಷಿ ಕಣಮ್ಮಾ" ಅಂದಿರಿ. ಆ ಎರಡು ಟೈಮಿಗಾಗಿ ಆಸ್ಪತ್ರೆಯವರ ಹತ್ತಿರ ಎಷ್ಟು ಜಗಳ ಆಡಿದ್ದಿರಿ!

ನೀವು ಕೆಲಸ ಬಿಟ್ಟ ಮೇಲೆ ನಾನೇನು ಮಾಡಿದೆ ಗೊತ್ತಾ? ಎಮರ್ಜೆನ್ಸಿ ವಾರ್ಡಿನ ಮೇಜಿನಲ್ಲಿ ಕೂತವನು, "ಎರಡೂ ಟೈಮು ಒಂದೇ ಬರೀರಿ ಮೇಡಂ, ಇಲ್ಲಾಂದ್ರೆ ಸೈನ್ ಹಾಕಲ್ಲ" ಅಂದ. ಹಾಳೆ ಮೇಲೆ ಅವನ ಸೈನ್ ಇಲ್ಲದೆ ಗಾಡಿ ಹೊರಡುವಂತಿಲ್ಲ. ಮೊದಲ ಸಲ ಗೊಣಗುತ್ತಾ ಬರೆದೆ, ಆಮೇಲೆ ರೂಢಿಯಾಯಿತು. ಗಂಟೆಗಟ್ಟಲೆ ಕಾಯುತ್ತಿದ್ದೆವು, ಬಂದ ಗಳಿಗೆಯಲ್ಲೇ ತೆಗೆದುಕೊಂಡರು ಅಂತ ಬರೆಯುತ್ತಿದ್ದೆ. ಇನ್ನೊಂದು ಗಾಡಿ ಕೊಡಿ ಎಂದು ಕೇಳಿದಾಗ ಮೇಲಿನ ಸಾಹೇಬರು ನನ್ನದೇ ಹಾಳೆಗಳನ್ನು ನನ್ನ ಮುಂದೆ ಹಾಕಿದರು. "ನಿಮ್ ಗಾಡಿ ಎಲ್ಲೂ ಕಾಯ್ತಾನೇ ಇಲ್ವಲ್ಲಮ್ಮಾ?" ಹಾಳೆಗಳನ್ನು ಎತ್ತಿಕೊಂಡು ಬಂದೆ.

ನೀವು ಹೋದ ದಿನ ಬೆಳಗ್ಗೆ ಹನ್ನೊಂದಕ್ಕೆ ಕಂಟ್ರೋಲ್ ರೂಮಿನಿಂದ ಫೋನು. ಊರಿಗಾಂ, ಎದೆನೋವು. ವಿಳಾಸ ಕೇಳಿದರೆ ನಿಮ್ಮದೇ. ಆಸ್ಪತ್ರೆಯಿಂದ ನಿಮ್ಮ ಮನೆಗೆ ಹತ್ತೇ ನಿಮಿಷದ ದಾರಿ ಅಣ್ಣಾ! ಆದರೆ ಸೊಂಟ ಮುರಿದುಕೊಂಡ ಒಬ್ಬ ಅಜ್ಜಿ ಒಂದೂವರೆ ಗಂಟೆಯಿಂದ ನಮ್ಮ ಸ್ಟ್ರೆಚರ್ ಮೇಲೇ ಇದ್ದರು. ಅವರನ್ನು ಇಳಿಸಿಕೊಳ್ಳಿ ಎಂದು ಅದೇ ಮೇಜಿನವನಿಗೆ ಕೈ ಮುಗಿದೆ. "ಬೆಡ್ಡೇ ಇಲ್ಲ, ಎಲ್ಲಿ ಮಲಗಿಸ್ಲಿ, ನನ್ ತಲೆ ಮೇಲಾ?" ಅಂದ. ಮುಳಬಾಗಿಲಿನಿಂದ ಬೇರೆ ಗಾಡಿ ಬರುವಷ್ಟರಲ್ಲಿ ನೀವು...

ಊರಿನವರನ್ನೆಲ್ಲ ಹೊತ್ತುಕೊಂಡು ಓಡಿದ ಮನುಷ್ಯನಿಗೆ ಒಂದು ಸ್ಟ್ರೆಚರ್ ಸಿಗಲಿಲ್ಲವಲ್ಲ! ಬೆಂಕಿ ಬೀಳಲಿ ಇವರ ವ್ಯವಸ್ಥೆಗೆ. ನನಗೂ ನಾಚಿಕೆ ಎಲ್ಲಿತ್ತು? ಆ ದಿನದ ಹಾಳೆಯಲ್ಲೂ ಎರಡೂ ಟೈಮು ಒಂದೇ ಬರೆದೆ.

ತಿಥಿ ಮುಗಿದ ಮೇಲೆ ನಿಮ್ಮ ಹೆಂಡತಿ ಸರೋಜಕ್ಕ ಕೇಳಿದರು, "ಆವತ್ತು ನಿನ್ ಗಾಡಿ ಎಲ್ಲಿಗೆ ಓಗಿತ್ತಮ್ಮಾ?" ಅವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಬೈದಿದ್ದರೆ ಹಗುರವಾಗುತ್ತಿತ್ತು. ಅಕ್ಕ ಎದ್ದು ಒಳಗೆ ಹೋದರು.

ಈಗ ಸುದ್ದಿ ಕೇಳಿ. ನನ್ನ ಹಾಳೆಗಳೆಲ್ಲ ಸುಳ್ಳು ಅಂತ, ಯಾಕೆ ಸುಳ್ಳು ಬರೆದೆ ಅಂತಲೂ ಸಾಹೇಬರಿಗೆ ಬರೆದುಕೊಟ್ಟಿದ್ದೇನೆ. ಸೋಮವಾರ ವಿಚಾರಣೆ. ಕೆಲಸ ಹೋದರೂ ಹೋಗಬಹುದು. ಇವತ್ತು ಬೆಳಗ್ಗೆ ಅಕ್ಕನ ಫೋನು ಬಂತು.

"ಒಬ್ಳೇ ಓಗ್ಬೇಡ ಕಣಮ್ಮಾ, ನಾನೂ ಬತ್ತೀನಿ. ಇವ್ರನ್ನ ತೊಡೆ ಮೇಲ್ ಮಲಗಿಸ್ಕೊಂಡು ನಾನ್ ಎಷ್ಟೊತ್ತು ಕಾದೆ ಅಂತ ನಾನೇ ಏಳ್ತೀನಿ. ಬರ್ಕೊಳ್ಳಿ ಅವ್ರು."

ನಿಮ್ಮ,
ಭಾಗ್ಯ